ಬೆಂಜೋದಲ್ಲಿ ಅಪ್ಪನ ಕೂಗು

ನಮ್ಮ ಮನೆಯಲ್ಲಿ ಉಪ್ಪಿನ ಗಡಿಗೆ ಅಡುಗೆಮನೆಯಲ್ಲಿ ಇರುತ್ತಿರಲಿಲ್ಲ. ತಲೆಬಾಗಿಲ ಹಿಂದೆ, ಅಪ್ಪ ತನ್ನ ಕೋಲು ಆನಿಸಿಡುತ್ತಿದ್ದ ಮೂಲೆಯಲ್ಲಿ, ಅರ್ಧ ನೆಲದೊಳಗೆ ಹೂತು ಕೂತಿರುತ್ತಿತ್ತು. ರೊಟ್ಟಿ ಬಡಿಯುತ್ತಿದ್ದ ಅವ್ವ ಹಿಟ್ಟಿನ ಕೈಯಲ್ಲೇ ಎದ್ದು, ಪಡಸಾಲೆ ದಾಟಿ ಬಂದು, ಅಲ್ಲಿಂದ ಹರಳುಪ್ಪು ಒಯ್ಯಬೇಕಾಗಿತ್ತು. ಬೇರೆಯವರ ಮನೆಯಲ್ಲಿ ಒಲೆಯ ಪಕ್ಕದ ಗೂಡಿನಲ್ಲಿ ಉಪ್ಪು ಕಂಡಾಗ, ಇವರಿಗೆ ಇಷ್ಟೂ ತಿಳಿಯುವುದಿಲ್ಲವೇ ಎಂದು ನನಗೆ ಅನಿಸುತ್ತಿತ್ತು. ನಮ್ಮಲ್ಲಿ ಉಪ್ಪು ಮೊದಲು ಕುರಿಗಳದು, ಉಳಿದದ್ದು ನಮ್ಮದು. ನಮ್ಮೂರು ಸನಮಡಿಯ ಆ ಮಣ್ಣಿನ ಮಾಳಿಗೆಯ ಮನೆಯೂ ಅದೇ ಲೆಕ್ಕದಲ್ಲಿ ಕಟ್ಟಿದ್ದು. ನಮಗೊಂದು ಪಡಸಾಲೆ, ಒಂದು ಅಡುಗೆಮನೆ, ಜೋಳದ ಚೀಲಗಳಿಗೊಂದು ಕತ್ತಲೆ ಕೋಣೆ. ಕುರಿದಡ್ಡಿಗೆ ಅದರ ಮೂರರಷ್ಟು ಜಾಗ. ಪಡಸಾಲೆಗೂ ದಡ್ಡಿಗೂ ನಡುವಿನ ಗೋಡೆಯಲ್ಲಿ ತಲೆ ತೂರುವಷ್ಟು ಅಗಲದ ಕಿಂಡಿ ಇತ್ತು. ಆಯಿ, ಅಂದರೆ ಅಪ್ಪನ ಅವ್ವ, ಆ ಕಿಂಡಿಯ ಕೆಳಗೇ ಕಂಬಳಿ ಹಾಸಿಕೊಳ್ಳುತ್ತಿದ್ದಳು. ಆಕೆಯ ಕಣ್ಣು ಮಂದವಾಗಿದ್ದವು. ಮೆಲುಕು ಹಾಕುವ ಸದ್ದಿನ ಮೇಲೆಯೇ ಯಾವ ಕುರಿಗೆ ಮೈ ಸರಿಯಿಲ್ಲ ಎಂದು ಹೇಳುತ್ತಿದ್ದಳು. ನಾವು ಉಣ್ಣುವ ಹೊತ್ತಿಗೆ ಕಿಂಡಿಯಲ್ಲಿ ಯಾವಾಗಲೂ ಒಂದು ಕುರಿಯ ಮುಖ ಇರುತ್ತಿತ್ತು, ಕರೆಯದೆ ಬಿಟ್ಟ ನೆಂಟರ ಹಾಗೆ.

ಅಪ್ಪನಿಗೆ ಒಂದು ಕೂಗು ಇತ್ತು. ನಮ್ಮ ಕಡೆ ಕುರಿ ಕಾಯುವ ಒಂದೊಂದು ಮನೆಗೂ ಒಂದೊಂದು ಕೂಗು. ಹಳ್ಳದ ದಂಡೆಯ ಮೇಲೆ ನಾಲ್ಕು ಮಂದಿಯ ಹಿಂಡು ಕಲಸಿಹೋದರೂ, ಅವರವರು ತಮ್ಮ ಕೂಗು ಹಾಕಿದರೆ ಕುರಿಗಳು ತಾವೇ ಬೇರೆಯಾಗಿ ತಮ್ಮವರ ಹಿಂದೆ ನಡೆಯುತ್ತವೆ. ಅಪ್ಪನದು ಎದೆಯೊಳಗಿನಿಂದ ತಗ್ಗಾಗಿ ಏಳುತ್ತಿತ್ತು. ಹೋಓಓ ಎಂದು ಏರುತ್ತ ಹೋಗಿ ಒಮ್ಮೆಗೇ ಗಂಟಲಲ್ಲಿ ಮುರಿಯುತ್ತಿತ್ತು. ಒಂದು ಉಸಿರಿನಷ್ಟು ಹೊತ್ತು ಏನೂ ಇಲ್ಲ. ಆಮೇಲೆ ಯಾ, ಯಾ ಎಂದು ಎರಡು ಗಿಡ್ಡ ಸ್ವರ. ಆ ನಡುವಿನ ಏನೂ ಇಲ್ಲದ ಹೊತ್ತಿನಲ್ಲಿ ಕುರಿಗಳು ತಲೆ ಎತ್ತುತ್ತಿದ್ದವು. ಎರಡನೆಯ ಯಾ ಮುಗಿಯುವುದರೊಳಗೆ ಹೊರಟುಬಿಡುತ್ತಿದ್ದವು. ಅಜ್ಜನಿಂದ ಅಪ್ಪನಿಗೆ ಬಂದಿದ್ದ ಆ ಕೂಗು ಅಪ್ಪನಿಂದ ಅಣ್ಣನಿಗೆ ಹೋಗಬೇಕಾಗಿತ್ತು. ಅದಕ್ಕೊಂದು ಕಟ್ಟಳೆ: ಕೂಗಿ ಕರೆದಮೇಲೆ ಕುರಿಗೆ ಏನಾದರೂ ಸಿಗಲೇಬೇಕು. ನೀರು, ನೆರಳು, ಒಣಗಿದ ಜಾಲಿಕಾಯಿ, ಇವೇನೂ ಇಲ್ಲದಿದ್ದರೆ ಅಂಗೈಯಲ್ಲಿ ಉಪ್ಪು. ಬರಿಗೈಯಲ್ಲಿ ಕರೆದರೆ ಅದು ಖೊಟ್ಟಿ ಕೂಗು, ಸುಳ್ಳು ಕೂಗು. ಎರಡು ಸಲ ಖೊಟ್ಟಿ ಕರೆದವನ ಕಡೆ ಕುರಿ ಮೂರನೆಯ ಸಲ ತಿರುಗಿ ನೋಡುವುದಿಲ್ಲ ಎಂದು ಅಪ್ಪ ಹೇಳುತ್ತಿದ್ದ.

ಈ ಕಟ್ಟಳೆ ನನಗೆ ತಿಳಿದದ್ದು ಒಂದು ಊಟದಿಂದ. ಆಗ ನಾನಿನ್ನೂ ಸಾಲಿಗೆ ಹೆಸರು ಹಚ್ಚಿದ ಹೊಸತು. ಒಂದು ಮಧ್ಯಾಹ್ನ ಮಾಳಿಗೆಯ ಮೇಲೆ ಶೇಂಗಾ ಕಾಯಲು ಕೂತಿದ್ದೆ. ಬೇಸರವಾಗಿ, ಎರಡು ಕೈಯನ್ನೂ ಬಾಯಿಗೆ ಹಿಡಿದು ಅಪ್ಪನ ಹಾಗೆಯೇ ಕೂಗಿದೆ. ನನ್ನ ಗಂಟಲಿನಿಂದ ಅಷ್ಟು ಸರಿಯಾಗಿ ಬಂದೀತೆಂದು ನನಗೂ ಗೊತ್ತಿರಲಿಲ್ಲ. ಸ್ವಲ್ಪ ಹೊತ್ತಿಗೆ ದಿನ್ನೆಯ ಮೇಲೆ ಧೂಳೆದ್ದಿತು. ಹಿಂಡು ಹಿಂಡೇ ಮೇವು ಬಿಟ್ಟು ಮನೆಯ ಕಡೆ ಬರುತ್ತಿತ್ತು. ಹಿಂದೆ ಅಪ್ಪ, ತಲೆಗೆ ಸುತ್ತಿದ್ದ ರುಮಾಲು ಕೈಯಲ್ಲಿ ಹಿಡಿದು ಓಡಿ ಬರುತ್ತಿದ್ದ. ಹೊಡೆಯುತ್ತಾನೆ ಎಂದುಕೊಂಡಿದ್ದೆ. ಹೊಡೆಯಲಿಲ್ಲ. ನನ್ನನ್ನು ಇಳಿಸಿ, ಗಡಿಗೆಯ ಮುಂದೆ ನಿಲ್ಲಿಸಿ, ಒಂದೊಂದು ಕುರಿಗೂ ನನ್ನ ಕೈಯಿಂದಲೇ ಉಪ್ಪು ಹಾಕಿಸಿದ. ಕುರಿಯ ನಾಲಿಗೆ ಮರಳುಗಾಗದದ ಹಾಗೆ ಇರುತ್ತದೆ. ಕೊನೆಕೊನೆಗೆ ನನ್ನ ಅಂಗೈ ಕೆಂಪಾಗಿ ಉರಿಯುತ್ತಿತ್ತು, ಗಡಿಗೆಯ ತಳ ಕಾಣುತ್ತಿತ್ತು. ಸಂಜೆ ಅವ್ವ ಪುಂಡಿಪಲ್ಯ ಬಡಿಸಿದಳು.

“ಯಾಕ ಮುಖಾ ಕಿವಚತಿ? ಉಣ್ಣು,” ಅಂದ ಅಪ್ಪ.

“ಪಲ್ಲೆ ಸಪ್ಪಗ ಐತಿ.”

“ನೀನಾ ಕರದಿ. ಬಂದವು ನಿನ್ನ ಪಾಲಿನ ಉಪ್ಪು ತಿಂದು ಹೋದವು. ಈಗ ಅದು ಖರೇ ಕೂಗು ಆತು. ಇಲ್ಲಂದ್ರ ಖೊಟ್ಟಿ ಆಗತಿತ್ತು.”

“ಹೋಳಿಗಿ ಮಾಡಿದ ದಿನಾ ಕರದಿದ್ರ ಚಲೋ ಇತ್ತು,” ಅಂದಳು ಆಯಿ ಕಿಂಡಿಯ ಕೆಳಗಿನಿಂದ. “ಉಪ್ಪಿನ ಕೆಲಸಾನ ಇರತಿರಲಿಲ್ಲ.”

ಮನೆಮಂದಿಯೆಲ್ಲ ಸಪ್ಪಗೆ ಉಂಡೆವು. ಇವತ್ತಿಗೂ ನಾನು ಯಾರಿಗಾದರೂ ನಾಳೆ ಬಾ ಎಂದು ಹೇಳುವ ಮೊದಲು, ನಾಳೆ ಅವರಿಗೆ ಕೊಡಲು ನನ್ನ ಕೈಯಲ್ಲಿ ಏನಿದೆ ಎಂದು ನೋಡಿಕೊಳ್ಳುತ್ತೇನೆ. ಜನ ಇದನ್ನು ಬಿಗಿತನ ಅನ್ನುತ್ತಾರೆ. ಅನ್ನಲಿ.

ಅಣ್ಣ ಬೀರಪ್ಪ ನನಗಿಂತ ಬಹಳ ದೊಡ್ಡವನು. ನಾನು ಸಾಲಿಗೆ ಹೋಗುವ ಹೊತ್ತಿಗೆ ಅವನ ಮೀಸೆ ಕಪ್ಪಾಗಿತ್ತು. ಕೆಲಸಗಳ್ಳನೆಂದು ಅವನನ್ನು ಯಾರೂ ಅನ್ನುವಂತಿರಲಿಲ್ಲ. ಅಪ್ಪನಿಗೆ ಮೈ ಸರಿಯಿಲ್ಲದಾಗ ಹಿಂಡನ್ನು ಅವನೇ ಒಯ್ಯುತ್ತಿದ್ದ, ಅವನ ಗಂಟಲು ಅಪ್ಪನ ಗಂಟಲಿನ ಹಾಗೆಯೇ ಇತ್ತು. ಆದರೆ ಯಾವ ಸದ್ದು ಕೇಳಿದರೂ ಅದನ್ನು ಹಿಡಿದುಕೊಂಡು ಕೂಡುವ ಚಾಳಿ ಅವನಿಗೆ. ಬಾವಿಯ ಗಡಗಡಿಯ ಸದ್ದನ್ನು ಭಜನೆಯ ಪೇಟಿಯ ಮೇಲೆ ನುಡಿಸಿ ಹೆಂಗಸರನ್ನು ನಗಿಸುತ್ತಿದ್ದ. ಅವ್ವನ ತಮ್ಮ ಮುಂಬೈಯ ಗೋದಾಮೊಂದರಲ್ಲಿ ಹಮಾಲಿ ಮಾಡುತ್ತಿದ್ದ. ಒಂದು ವರ್ಷ ಬಂದವನು, ನಾಲ್ಕು ದಿನ ಊರು ನೋಡಲಿ ಎಂದು ಅಣ್ಣನನ್ನು ಕರೆದುಕೊಂಡು ಹೋದ. ನಾಲ್ಕು ದಿನ ಎರಡು ಮಳೆಗಾಲವಾಯಿತು. ತಿರುಗಿ ಬಂದಾಗ ಅಣ್ಣನ ಕೂದಲು ಕಿವಿ ಮುಚ್ಚಿತ್ತು, ಬಗಲಲ್ಲಿ ಒಂದು ಉದ್ದನೆಯ ಪೆಟ್ಟಿಗೆ ಇತ್ತು. ಅಂಗಳದ ಕಟ್ಟೆಯ ಮೇಲೆ ಅದನ್ನು ಬಿಚ್ಚಿದ. ಒಂದು ಮಣೆ, ಅದರ ಮೇಲೆ ತಂತಿಗಳು, ತಂತಿಗಳ ಮೇಲೆ ಬಿಳಿ ಗುಂಡಿಗಳ ಸಾಲು. ಒಂದು ವಾಯರು ಹೊರಬಂದು ಬ್ಯಾಟರಿಗೂ, ಸದ್ದನ್ನು ದೊಡ್ಡದು ಮಾಡುವ ತಗಡಿನ ಕರ್ಣೆಗೂ ಹೋಗುತ್ತಿತ್ತು.

“ಏನಪಾ ಇದು, ಶ್ಯಾವಿಗಿ ಮಣಿಯೇನು?” ಎಂದು ಆಯಿ ಕೈಯಾಡಿಸಿ ಕೇಳಿದಳು.

“ಬೆಂಜೋ, ಆಯಿ. ಕರೆಂಟಿನ ಬೆಂಜೋ. ಮಿರಜದಾಗ ಮಾಡಸೀನಿ. ಒಂದ ಹಾಡು ಕಟ್ಟೀನಿ, ಕೇಳ. ಮುಂಬೈದಾಗ ಒಂದ ಆಟ ಬಂದೈತಿ, ಅದರ ಹಾಡು.”

“ಎಂಥಾ ಆಟ?”

“ಒಂದ ಡಬ್ಬಿ. ಮುಂದ ಕಾಜು, ಒಳಗ ಕರ್ರಗ. ಆಕಡಿ ಒಂದ ಕೋಲು, ಈಕಡಿ ಒಂದ ಕೋಲು. ನಡುವ ಒಂದ ಬಿಳಿ ಚುಕ್ಕಿ ಓಡತೈತಿ. ಹಿಡಿಕಿ ತಿರುವಿ ಕೋಲು ಅಡ್ಡ ಹಿಡೀಬೇಕು. ತಪ್ಪಿದ್ರ ಚುಕ್ಕಿ ಹೋತು.”

“ಎಲ್ಲಿ ಹೋತು?”

“ಎಲ್ಲೂ ಇಲ್ಲ. ಹೋತು, ಅಷ್ಟ.”

“ಹುಡಕಲಾಕ ಯಾರೂ ಹೋಗೂದಿಲ್ಲೇನು?” ಅಂದಳು ಆಯಿ. ಅಣ್ಣ ನಕ್ಕು, ಗುಂಡಿಗಳ ಮೇಲೆ ಬೆರಳಿಟ್ಟ.

ಅಂಥ ಸದ್ದನ್ನು ನಮ್ಮ ಅಂಗಳ ಎಂದೂ ಕೇಳಿರಲಿಲ್ಲ. ತಂತಿಯದೋ ತಗಡಿನದೋ ತಿಳಿಯದ, ಒಂದೇ ಅಳತೆಯಲ್ಲಿ ಬೀಳುವ ಟಿಕ್, ಟೊಕ್, ಟಿಕ್, ಟೊಕ್. ಚುಕ್ಕಿ ಕೋಲಿಗೆ ತಾಗುವ ಸದ್ದು ಅದು ಎಂದು ಅವನೇ ನಡುವೆ ಹೇಳಿದ. ಅದರ ಮೇಲೆ ಹಾಡಿದ.

“ಕರೀ ಹೊಲದಾಗ ಬಿಳೀ ಮರಿ,
ಆಕಡಿ ಕೋಲು, ಈಕಡಿ ಕೋಲು,
ನಡುವ ಓಡತೈತಿ ಬಿಳೀ ಮರಿ,
ಹಿಡಿಯೋ ತಮ್ಮಾ, ಬಿಟ್ಟರ ಹೋತು.”

ಕೊನೆಯ ಸಾಲು ಮುಗಿದ ಕೂಡಲೇ ಬೆಂಜೋ ಒಂಟಿಯಾಗಿ ಏರಿತು. ತಗ್ಗಿನಿಂದ ಎದ್ದು, ಮೇಲೆ ಹೋಗಿ, ಮುರಿದು, ಒಂದು ಉಸಿರು ನಿಂತು, ಆಮೇಲೆ ಎರಡು ಗಿಡ್ಡ ಸ್ವರ. ದಡ್ಡಿಯೊಳಗೆ ಮಲಗಿದ್ದ ಕುರಿಗಳೆಲ್ಲ ಎದ್ದು ಮುಳ್ಳಿನ ಬಾಗಿಲಿಗೆ ಒತ್ತಿ ನಿಂತವು. ನಾವು ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅವ್ವ ನಗುತ್ತ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅಪ್ಪ ಮಾತ್ರ ಎದ್ದು ಒಳಗೆ ಹೋಗಿ, ಉಪ್ಪು ತಂದು, ದಡ್ಡಿಗೆ ಇಳಿದ. ಎಲ್ಲಕ್ಕೂ ಹಾಕಿ ಮುಗಿಸಿ ಕೈ ಝಾಡಿಸುತ್ತ ಬಂದ.

“ಒಮ್ಮಿ ಆತು,” ಅಂದ. “ಆ ತುಣುಕು ತಗದ ಹಾಡು.”

“ಅದನ್ನ ತಗದ್ರ ಹಾಡ ಎಲ್ಲಿ ಉಳೀತೈತಿ ಅಪ್ಪಾ? ದಿನಾ ಸುಟ್ಟಿ ಆದಮ್ಯಾಲೆ ಆ ಡಬ್ಬಿ ಮುಂದ ಹೋಗಿ ನಿಲ್ಲತಿದ್ನಿ. ಆಡಲಾಕ ರೊಕ್ಕಿಲ್ಲ, ಮಂದಿ ಆಡೂದು ನೋಡತಿದ್ನಿ. ಒಂದಿನಾ ಆ ಟಿಕ್ ಟೊಕ್ ಒಳಗ ನಿನ್ನ ಕೂಗು ಬಂತು. ನಾ ಕರದಿಲ್ಲ, ಅದ ಬಂತು. ಅಲ್ಲೇ ನಿಂತ ಅತ್ನಿ.”

“ಅಳೂದು ಬ್ಯಾರೆ. ಕರಿಯೂದು ಬ್ಯಾರೆ.”

“ಇದು ಬೆಂಜೋ ಅಪ್ಪಾ. ನಿನ್ನ ಬಾಯಿ ಅಲ್ಲ.”

“ಕುರಿಗಿ ಯಾಂವ ಹೇಳಂವಾ ಅದನ್ನ?” ಅಂದ ಅಪ್ಪ.

ಅಣ್ಣ ಡಫಳಾಪುರದ ನಾಲ್ಕು ಹುಡುಗರನ್ನು ಕೂಡಿಸಿಕೊಂಡು ಬೆಂಜೋ ಪಾರ್ಟಿ ಕಟ್ಟಿದ. ಆ ವರ್ಷದ ಲಗ್ನದ ದಿನಗಳಲ್ಲಿ ಹಾಡು ಹೇಗೆ ಹರಡಿತೆಂದು ಹೇಳಿದರೆ ಇಂದಿನವರು ನಂಬಲಿಕ್ಕಿಲ್ಲ. ಮದುಮಗ ಕುದುರೆ ಇಳಿಯುವುದೇ ಬಿಳಿ ಮರಿಯ ಹಾಡಿಗೆ; ಅದನ್ನು ನುಡಿಸದ ಪಾರ್ಟಿಗೆ ವೀಳ್ಯ ಕೊಡುವವರಿರಲಿಲ್ಲ. ಮರಾಠಿ ಮಂದಿ ಅದನ್ನು ಮರಾಠಿಯಲ್ಲಿ ಹಾಡಿದರು. ಬೇರೆ ಪಾರ್ಟಿಗಳೂ ಕೂಗಿನ ಸಮೇತ ಕಲಿತುಕೊಂಡವು. ಬೀಸುವ ಕಲ್ಲಿನ ಮುಂದೆ ಹೆಂಗಸರು, ಬಾವಿಯಲ್ಲಿ ಈಸುವ ಹುಡುಗರು, ಎಲ್ಲರ ಬಾಯಲ್ಲೂ ಅದೇ. ಸುತ್ತಿನ ಹತ್ತೂರಲ್ಲಿ ಆ ಆಟದ ಡಬ್ಬಿಯನ್ನು ಕಂಡವನು ಅಣ್ಣ ಒಬ್ಬನೇ. ಟೀವಿಯನ್ನೇ ಕಾಣದ ನಮಗೆ ಗಾಜಿನ ಮುಖದ ಡಬ್ಬಿ ಅಂದರೆ ಏನು ತಿಳಿಯಬೇಕು? ಕರೀ ಹೊಲ ಅಂದರೆ ಎರೆ ಹೊಲ, ಕೋಲು ಅಂದರೆ ಕುರುಬನ ಕೋಲು, ಮರಿ ಅಂದರೆ ಮರಿ. ಹೀಗೆ ಅದು ಕುರಿ ಕಾಯುವ ಹಾಡೆಂದೇ ನಮ್ಮ ಮಂದಿ ತಿಳಿದರು. ಚಹಾದ ಅಂಗಡಿಯಲ್ಲಿ ಆ ಮರಿ ಯಾರದೆಂದು ವಾದ ನಡೆಯಿತು.

“ಎರಡು ಹಟ್ಟಿಯವರ ನಡುವ ಜಗಳ ಅದು. ಇಂವಾ ಈಕಡಿ ಹೊಡೀತಾನ, ಅಂವಾ ಆಕಡಿ ಹೊಡೀತಾನ.”

“ಮತ್ತ ಮರಿ ಯಾರ ಪಾಲಿಗಿ?”

“ಯಾರ ಪಾಲಿಗೂ ಇಲ್ಲ. ಬಿಟ್ಟರ ಹೋತು ಅಂತಾನಲ್ಲ. ತ್ವಾಳ ಒಯ್ಯತೈತಿ.”

ಹಾಡಿನ ತಮ್ಮ ನಾನೇ ಎಂದು ಎಲ್ಲರೂ ಕೂಡಿ ತೀರ್ಮಾನಿಸಿದ್ದರು. ಓಣಿಯಲ್ಲಿ ಹೊರಟರೆ, ಹಿಡಿಯೋ ತಮ್ಮಾ, ಎಂದು ಯಾರಾದರೂ ಕೂಗುತ್ತಿದ್ದರು. ನನಗೆ ಎದೆ ಉಬ್ಬುತ್ತಿತ್ತು. ಸಾಲಿಯ ಗ್ಯಾದರಿಂಗಿನಲ್ಲಿ ಮಾಸ್ತರರು ಮೇಜಿನ ಮೇಲೆ ಕಟ್ಟಿಗೆಯ ಪಟ್ಟಿಯಿಂದ ಟಿಕ್ ಟೊಕ್ ಬಡಿದರು, ನಾನು ಮುಂದೆ ನಿಂತು ಹಾಡಿದೆ. ಆದರೆ ಕೂಗಿನ ಜಾಗ ಬಂದಾಗ ಬಾಯಿ ಮುಚ್ಚಿಕೊಂಡೆ. ಬೇರೆ ಹುಡುಗರು ಕೂಗಿದರು. ಸಪ್ಪನೆಯ ಪುಂಡಿಪಲ್ಯ ನನ್ನ ನಾಲಿಗೆಯ ಮೇಲೆ ಬಂದು ಕೂತಿತ್ತು.

ಮನೆಯಲ್ಲಿ ನಡೆಯುತ್ತಿದ್ದದ್ದು ಬೇರೆ. ನಮ್ಮೂರಲ್ಲಿ ಲಗ್ನವಾದರೆ ಬೇವಿನ ಗಿಡಕ್ಕೆ ಕರ್ಣೆ ಕಟ್ಟುತ್ತಿದ್ದರು. ಪಕ್ಕದೂರು ಯಳವಿಯ ಕಡೆಯಿಂದ ಗಾಳಿ ಬೀಸಿದರೆ ಅಲ್ಲಿಯ ಲಗ್ನದ್ದೂ ಕೇಳುತ್ತಿತ್ತು. ಪ್ರತಿ ಸಲ ಕರ್ಣೆಯಲ್ಲಿ ಆ ಕೂಗು ಎದ್ದಾಗ ಹಿಂಡು ಮೇವು ಬಿಟ್ಟು ಆ ಕಡೆ ತಿರುಗುತ್ತಿತ್ತು. ಅಪ್ಪ ಧೋತರದ ಸೆರಗಿಗೆ ಉಪ್ಪು ಕಟ್ಟಿಕೊಂಡೇ ತಿರುಗತೊಡಗಿದ. ಕೂಗು ಕೇಳಿತೆಂದರೆ ಹಿಂಡಿನ ಮುಂದಕ್ಕೆ ಓಡಿ, ಅಡ್ಡ ನಿಂತು, ಒಂದೊಂದರ ಬಾಯಿಗೂ ಉಪ್ಪು ಹಿಡಿಯುತ್ತಿದ್ದ. ಯಾರೋ ಹಾಕಿದ ಕೂಗನ್ನು ಅವನು ಖರೇ ಮಾಡುತ್ತಿದ್ದ. ಅಡುಗೆಮನೆಯಲ್ಲಿ ಅವ್ವನ ಗೊಣಗು ಶುರುವಾಯಿತು. ವಾರದಲ್ಲಿ ಎರಡು ಮೂರು ಹೊತ್ತು ಸಪ್ಪನೆಯ ಊಟ. ಬೇಸಿಗೆಯಲ್ಲಿ ಅಷ್ಟು ಉಪ್ಪು ತಿಂದ ಕುರಿಗಳಿಗೆ ನೀರಡಿಕೆ ಇಂಗುತ್ತಿರಲಿಲ್ಲ. ಬಾವಿಯಿಂದ ಸೇದಿ ಸೇದಿ ಅವ್ವನ ಅಂಗೈಯಲ್ಲಿ ಹಗ್ಗದ ಗೆರೆ ಬಿದ್ದವು. ಒಂದು ಬೆಳಿಗ್ಗೆ ಆಯಿ ಕಿಂಡಿಗೆ ಕಿವಿ ಹಚ್ಚಿ ಬಹಳ ಹೊತ್ತು ಕೂತಿದ್ದು, ಅಪ್ಪನನ್ನು ಕರೆದಳು.

“ಅಮೋಗಿ, ಅವು ಮೆಲಕ ಹಾಕವಲ್ಲವು. ತೇಕಲಾಕತ್ತಾವ. ಉಪ್ಪು ತಿನಿಸಿ ಕೊಲ್ಲತಿ ನೀ. ಬಿಡು.”

“ಬಿಟ್ಟರ ಖೊಟ್ಟಿ ಆಗತೈತಿ ಅವ್ವಾ.”

“ಆಗಲಿ. ಸತ್ತ ಕುರೀನ್ನ ಖರೇ ಕೂಗು ಹಾಕಿ ಎಬ್ಬಸತಿ ಏನು?”

ಅಪ್ಪ ಅವತ್ತಿನಿಂದ ಆ ಕೂಗಿಗೆ ಉಪ್ಪು ಹಾಕುವುದನ್ನು ಬಿಟ್ಟ. ಎರಡು ದಿನ ಬಿಟ್ಟು ನನ್ನನ್ನು ಕರೆದುಕೊಂಡು ಯಳವಿಗೆ ಹೊರಟ. ಅಲ್ಲಿ ಅಣ್ಣನ ಪಾರ್ಟಿ ಇತ್ತು. ಅಪ್ಪ ಕಂಬಳಿ ಹೊದ್ದು, ಕೋಲು ಹಿಡಿದು, ಹಂದರದ ನಡುವೆ ನೆಟ್ಟಗೆ ನಡೆದುಹೋಗಿ ಬೆಂಜೋದ ಮುಂದೆ ನಿಂತ. ಅಣ್ಣ ಕೈ ತೆಗೆದ. ಕುಣಿಯುತ್ತಿದ್ದವರು ನಿಂತರು.

“ಬೀರಾ, ಉಳಿದ ಹಾಡು ಹಾಡಕೋ. ಕೂಗು ಬಿಡು. ಬ್ಯಾರೆ ಏನರ ಹಾಕು ಆ ಜಾಗಾಕ.”

“ಅಪ್ಪಾ, ಬಾ, ಕುಂದರು ಮೊದಲ. ನಾ ಬಿಟ್ಟರೂ ಹಾಡು ಬಿಡೂದಿಲ್ಲ ಈಗ. ನಾಕ ಪಾರ್ಟಿಯವರು ಕಲತಾರ. ಅವರನ್ನ ಯಾರು ಹಿಡಿಯೂದು?”

“ಅವರು ನನ್ನ ಮಕ್ಕಳಲ್ಲ. ನಿನಗ ಹೇಳಲಾಕ ಬಂದೀನಿ.”

ಹಿಂದಿನಿಂದ ಯಾರೋ ಅಂದರು, “ಕಾಕಾ, ಕುಂದ್ರಿ, ಎರಡು ಬುಂದೆ ಲಾಡು ತಿನ್ರಿ. ಕುರಿ ಬಂದ್ರ ಬರಲಿ, ಅವಕ್ಕೂ ಪಂಗತಿ ಹಾಕೂಣು.” ಹಂದರವೆಲ್ಲ ನಕ್ಕಿತು. ಅಣ್ಣನೂ ನಕ್ಕನೋ, ಅವನ ತುಟಿ ಸುಮ್ಮನೆ ಅಲುಗಿತೋ, ನನಗೆ ಈಗಲೂ ಹೇಳಲು ಬರುವುದಿಲ್ಲ. ಅಪ್ಪ ಉಣ್ಣದೆ ತಿರುಗಿದ. ಲಗ್ನದ ಹಂದರದಿಂದ ಉಣ್ಣದೆ ಹೊರಬೀಳುವುದು ನಮ್ಮವರಲ್ಲಿ ಹೆಣ ಇಟ್ಟ ಮನೆಯಿಂದ ಹೊರಬಿದ್ದ ಹಾಗೆ. ನಾನು ಅವನ ಹಿಂದೆ ಓಡಿದೆ. ನಾವು ದಿನ್ನೆ ಏರುವ ಮೊದಲೇ ಹಿಂದೆ ಟಿಕ್ ಟೊಕ್ ಶುರುವಾಗಿತ್ತು.

ಕುರಿಗಳು ಮೊದಮೊದಲು ತಲೆ ಎತ್ತಿ ನೋಡುತ್ತಿದ್ದವು. ಆಮೇಲೆ ಕಿವಿ ಮಾತ್ರ ಹೊರಳಿಸುತ್ತಿದ್ದವು. ಲಗ್ನದ ದಿನಗಳು ಮುಗಿಯುವ ಹೊತ್ತಿಗೆ ಅದೂ ನಿಂತಿತ್ತು. ಅಪ್ಪ ತನ್ನ ಬಾಯಿಂದ ಕೂಗಿದಾಗಲೂ ನಾಲ್ಕು ಹಳೆಯ ಕುರಿಗಳು ಬರುತ್ತಿದ್ದವು, ಉಳಿದವು ಆ ನಾಲ್ಕರ ಹಿಂದೆ ಎಳೆದುಕೊಂಡು ಬರುತ್ತಿದ್ದವು. ಅಪ್ಪ ಅದನ್ನು ಯಾರಿಗೂ ಹೇಳಲಿಲ್ಲ. ನಾನು ನೋಡಿದ್ದೆ.

ಸಾಲಿಗೆ ಸುಟ್ಟಿ ಇತ್ತು, ನಾನೂ ಹಿಂಡಿನ ಜೊತೆ ಹಳ್ಳಕ್ಕೆ ಹೋಗಿದ್ದೆ. ಒಣಗಿದ ಹಳ್ಳದ ಉಸುಕಿನ ನಡುವೆ ಅಷ್ಟಿಷ್ಟು ಹಸಿ ಹುಲ್ಲು ಇತ್ತು; ಕುರಿಗಳು ತಳದಲ್ಲಿ ಚದುರಿ ಮೇಯುತ್ತಿದ್ದವು. ನಮ್ಮ ತಲೆಯ ಮೇಲೆ ಬಿಸಿಲು. ಮೇಲ್ಗಡೆ, ಹಳ್ಳ ಹುಟ್ಟುವ ದಿನ್ನೆಗಳ ಮೇಲೆ, ಮೋಡ ಕಪ್ಪಾಗಿ ಇಳಿದಿತ್ತು. ಅಪ್ಪ ಕೂತಲ್ಲೇ ಬಗ್ಗಿ, ನೆಲ ಅದುರುತ್ತಿದೆಯೇ ಎಂದು ಅಂಗೈ ಒತ್ತಿ ನೋಡಿದ. ಎದ್ದು ದಂಡೆಯ ಮೇಲೆ ಬಂದು ಕೂಗಿದ. ಎಷ್ಟು ಚೆನ್ನಾಗಿ ಕೂಗಿದ ಅಂದರೆ, ಅಷ್ಟು ತುಂಬಿದ ಕೂಗನ್ನು ನಾನು ಅವನಿಂದ ಮೊದಲು ಕೇಳಿರಲಿಲ್ಲ. ಕೂಗು ಮುರಿಯಿತು, ಒಂದು ಉಸಿರು ನಿಂತಿತು, ಯಾ, ಯಾ. ಕುರಿಗಳು ಮೇಯುತ್ತಿದ್ದವು. ಒಂದು ಹಳೆಯ ಕುರಿ ತಲೆ ಎತ್ತಿ ಅವನನ್ನು ನೋಡಿತು. ಬರುವ ಮನಸ್ಸು ಇದ್ದ ಹಾಗಿತ್ತು. ಆಮೇಲೆ ಅದೂ ಬಾಯಿ ಇಳಿಸಿತು. ಅಪ್ಪ ಇನ್ನೊಮ್ಮೆ ಕೂಗಿದ. ಅಷ್ಟರಲ್ಲಿ ನನಗೂ ಆ ಸದ್ದು ಕೇಳಿತು, ದೂರದಲ್ಲಿ ಬಂಡಿಗಳ ಸಾಲು ಕಲ್ಲಿನ ಮೇಲೆ ಬರುವ ಹಾಗೆ. ಅಪ್ಪ ಕೋಲು ಹಿಡಿದು ಕೆಳಗೆ ಹಾರಿದ, ನಾನೂ ಹಾರಿದೆ. ಹೊಡೆದು, ಎಳೆದು, ಕಾಲು ಹಿಡಿದು ದಂಡೆಗೆ ಎಸೆದು, ಕೈಗೆ ಸಿಕ್ಕಷ್ಟನ್ನು ಮೇಲೆ ಹತ್ತಿಸಿದೆವು. ಕೆಳಗಿನ ತಿರುವಿನಲ್ಲಿ ಇದ್ದವುಗಳ ಹತ್ತಿರ ಹೋಗಲಾಗಲಿಲ್ಲ. ಕೆಂಪು ನೀರು ಗೋಡೆಯ ಹಾಗೆ ಬಂತು. ಅದರ ಮೇಲೆ ಬಿಳಿಯದೊಂದು ತೇಲಿ, ತಿರುಗಿ, ಮುಳುಗಿ, ಹೋಯಿತು. ಮನೆಗೆ ಬಂದಾಗ ಆಯಿ ಕಿಂಡಿಯ ಹತ್ತಿರ ಕಿವಿ ಇಟ್ಟು, ನಾವು ಏನೂ ಹೇಳುವ ಮೊದಲೇ, “ಕೆಂದಿ ಇಲ್ಲ. ಬಿಳಿಕಿವಿ ಇಲ್ಲ. ಆಕಿ ಮರಿನೂ ಇಲ್ಲ,” ಎಂದು ಒಂದೊಂದೇ ಹೆಸರು ಹೇಳುತ್ತ ಹೋದಳು. ಅಪ್ಪ ಕೇಳಲಾಗದೆ ಹೊರಗೆ ಹೋಗಿ ಕೂತ. ಆ ದಿನದಿಂದ ಅವನು ಕೂಗಲಿಲ್ಲ.

ಮನೆಯಲ್ಲಿ ಒಲ್ಲದ ಮಾತು ಒಂದು ವಾರ ತಿರುಗಿತು. ಕೊನೆಗೆ ಅಪ್ಪ ಊಟಕ್ಕೆ ಕೂತಾಗ ಅದನ್ನು ಹೊರಗೆ ಹಾಕಿದ.

“ನನ್ನ ದನಿ ಅವಕ್ಕ ಸತ್ತೈತಿ. ಬೀರಾನ ದನಿನೂ ಅದ ದನಿ. ಹೊಸಾ ಗಂಟಲು ಬೇಕು. ಈಗ ಹಚ್ಚಿದ್ರ ಎರಡು ಮಳಿಗಿ ಹಿಂಡು ಕಲೀತೈತಿ.”

ಅವ್ವ ರೊಟ್ಟಿಯ ಬುಟ್ಟಿಯನ್ನು ಕೆಳಗಿಟ್ಟಳು. “ಅಂವಾ ಸಾಲಿ ಕಲೀಲಿ. ಒಬ್ಬಂವಾ ಹೋದ ಅಂತ ಇನ್ನೊಬ್ಬನ್ನ ಕುರಿ ಬೆನ್ನಿಗಿ ಕಟ್ಟತೀ? ಹಿಂಡ ಮಾರು.”

“ಮಾರಿ ಏನ್ ಮಾಡಲಿ? ಮಂದಿ ಲಗ್ನದಾಗ ಕುಣೀಲಿ?”

ಇಬ್ಬರೂ ನನ್ನ ಕಡೆ ನೋಡಲಿಲ್ಲ. ಕಿಂಡಿಯಲ್ಲಿ ಒಂದು ಕುರಿಯ ಮುಖ ಇತ್ತು, ಅದು ನೋಡುತ್ತಿತ್ತು. ಹಿಂಡಿನ ಹಿಂದೆ ನಾನು ಹೋಗುತ್ತೇನೆ ಎಂದು ಹೇಳಿದೆ. ಯಾರೂ ನನ್ನನ್ನು ಸಾಲಿ ಬಿಡಿಸಲಿಲ್ಲ, ಮಾಸ್ತರರು ಹೊರಗೆ ಹಾಕಲಿಲ್ಲ, ನಾನು ನಪಾಸಾಗಲೂ ಇಲ್ಲ. ಇದನ್ನು ನಾನು ಯಾವಾಗಲೂ ಸ್ಪಷ್ಟವಾಗಿ ಹೇಳುತ್ತ ಬಂದಿದ್ದೇನೆ. ಆದರೆ ಸಾಲಿ ಸುರುವಾದ ಬೆಳಿಗ್ಗೆ ಗಂಟೆ ಬಾರಿಸಿದಾಗ ನಾನು ದಿನ್ನೆಯ ಮೇಲೆ ಇದ್ದೆ. ಗಂಟೆಯ ಸದ್ದಿಗೆ ನನ್ನ ಕಾಲು ತಾವಾಗಿ ಎರಡು ಹೆಜ್ಜೆ ಆ ಕಡೆ ಹೋದವು. ಅದನ್ನೂ ಹೇಳಬೇಕು.

ಮಾಸ್ತರರು ಮನೆಗೆ ಬಂದರು. ಅಪ್ಪ ಕಂಬಳಿ ಹಾಸಿ ಕೂಡಿಸಿ ಮಜ್ಜಿಗೆ ಕೊಡಿಸಿದ.

“ಅಮೋಗೆಪ್ಪಾ, ಹುಡುಗ ಭಾಳ ಹುಷಾರ ಅದಾನ. ಬಿಡಸಬ್ಯಾಡ್ರಿ.”

“ಹೌದ್ರಿ. ಸಾಲ್ಯಾಗ ಆ ಹಾಡು ಹಾಡಿದನಂತ.”

“ಚಂದ ಹಾಡಿದ. ಎಲ್ಲಾರೂ ಚಪ್ಪಾಳಿ ಹೊಡದ್ರು.”

“ಅದು ಏನ್ ಹಾಡು ಗೊತ್ತೈತೇನ್ರಿ ನಿಮಗ?”

“ಮುಂಬೈದಾಗಿಂದು ಏನೋ ಆಟದ್ದಂತ್ರಿ.”

“ಹೂಂ. ಆಟದ್ದು,” ಅಂದ ಅಪ್ಪ. “ಮಜ್ಜಗಿ ಕುಡೀರಿ.”

ನಾನು ಹೊಸ ಕೂಗು ಕಟ್ಟಿದೆ. ಅದು ಹೇಗಿತ್ತು ಎಂದು ಇಲ್ಲಿ ಬರೆಯುವುದಿಲ್ಲ. ಅಪ್ಪನ ಹಾಗೆ ಧೋತರದ ಸೆರಗಿನ ತುಂಬ ಉಪ್ಪು ಕಟ್ಟಿಕೊಂಡು, ಊರಿನ ಕರ್ಣೆ ತಲುಪದ ದಿನ್ನೆಗಳಲ್ಲಿ, ಒಂದೊಂದು ಮರಿಗೂ ಅದನ್ನು ಕಲಿಸಿದೆ. ಮೊದಲ ಮಳೆಗಾಲ ಪೂರ್ತಿ ಕುರಿಗಳು ನನ್ನನ್ನು ಹುಚ್ಚನನ್ನು ನೋಡಿದ ಹಾಗೆ ನೋಡಿದವು. ಎರಡನೆಯ ವರ್ಷ ಹುಟ್ಟಿದ ಮರಿಗಳು ಬಂದವು, ಮರಿಗಳ ಹಿಂದೆ ತಾಯಿಗಳು ಬಂದವು. ಊರೊಳಗೆ, ಬಾವಿಯ ಹತ್ತಿರ, ಮನುಷ್ಯರ ಕಿವಿ ಇರುವ ಕಡೆ ನಾನು ಎಂದೂ ಕೂಗಲಿಲ್ಲ; ಮನೆಯ ಹತ್ತಿರ ಕೋಲಿನಿಂದಲೇ ತಿರುಗಿಸುತ್ತಿದ್ದೆ. ಅಪ್ಪನಿಗೂ ಅದು ಕೇಳಿರಲಿಲ್ಲ. ಕೇಳಬೇಕೆಂದು ಅವನು ಹೇಳಲೂ ಇಲ್ಲ. ಅವ್ವ ಅನ್ನುತ್ತಿದ್ದಳು, ಹುಡುಗನಿಗೆ ಮಾತೇ ಕಡಿಮೆಯಾಯಿತು ಎಂದು. ಮಾತು ಕಡಿಮೆಯಾಗಿರಲಿಲ್ಲ. ಎಲ್ಲಿ ಹಾಕಬೇಕೋ ಅಲ್ಲಿ ಹಾಕುತ್ತಿದ್ದೆ.

ಹಾಡು ಬಹಳ ವರ್ಷ ಬಾಳಲಿಲ್ಲ. ಅದರ ಮೇಲೆ ಬೇರೆ ಹಾಡು ಬಂದವು, ಸಿನಿಮಾದವು ಬಂದವು, ಪಾರ್ಟಿ ಒಡೆಯಿತು. ಒಂದು ದಿನ ನಾನು ಹಿಂಡಿನೊಡನೆ ಮನೆಗೆ ಬರುವ ಹೊತ್ತಿಗೆ ಅಣ್ಣ ಅಂಗಳದ ಕಟ್ಟೆಯ ಮೇಲೆ ಕೂತಿದ್ದ. ಕರ್ಣೆ, ಬ್ಯಾಟರಿ ಇರಲಿಲ್ಲ, ಬೆಂಜೋ ಒಂದೇ ತೊಡೆಯ ಮೇಲಿತ್ತು. ಅಪ್ಪ ಗೋಡೆಗೆ ಒರಗಿ ಉಣ್ಣೆ ನೂಲುತ್ತಿದ್ದ; ಇಬ್ಬರ ನಡುವೆ ಮಾತು ಆಗಿರಲಿಲ್ಲ ಎಂದು ಇಬ್ಬರ ಮುಖವೂ ಹೇಳುತ್ತಿತ್ತು. ಕುರಿಗಳು ದಡ್ಡಿಯ ಹೊರಗಿನ ಕಲ್ಲಿನ ಡೋಣಿಯಲ್ಲಿ ನೀರು ಕುಡಿಯುತ್ತಿದ್ದವು. ನಾನು ಕಾಲು ತೊಳೆದುಕೊಂಡು ಅಣ್ಣನ ಹತ್ತಿರ ಬಂದೆ.

“ನಿನ್ನದು ಹೊಸಾ ಕೂಗಂತ,” ಅಂದ ಅಣ್ಣ ಮೆಲ್ಲಗೆ. “ಮಂದಿ ಹೇಳತಾರ, ಯಾರೂ ಕೇಳಿಲ್ಲಂತ. ಒಮ್ಮಿ ಕೂಗು, ತಮ್ಮಾ. ಹೊಸಾ ಹಾಡು ಕಟ್ಟಬೇಕು. ನನಗ ಏನೂ ಹೊಳೀವಲ್ಲದು.”

“ಅದು ಕುರಿಗಿ ಅಷ್ಟ.”

“ನಾ ಯಾರಿಗೂ ಕೊಡೂದಿಲ್ಲ.”

“ನೀ ಕೊಡೂದು ಬ್ಯಾಡ ಅಣ್ಣಾ. ಅದ ಹೋಗತೈತಿ.”

ಅಣ್ಣ ತಲೆ ಬಗ್ಗಿಸಿ ತಂತಿಗಳ ಮೇಲೆ ಬೆರಳಾಡಿಸಿದ. ಕರೆಂಟಿಲ್ಲದ ಬೆಂಜೋ ಕಾಲ್ಗೆಜ್ಜೆಯಷ್ಟು ಸಣ್ಣಗೆ ನುಡಿಯಿತು: ಟಿಕ್, ಟೊಕ್. ಆಮೇಲೆ, ಬೇಕೆಂದು ನುಡಿಸಿದನೋ ಬೆರಳೇ ಹೋದವೋ, ತಗ್ಗಿನಿಂದ ಎದ್ದು, ಏರಿ, ಮುರಿದು, ಒಂದು ಉಸಿರು ನಿಂತು, ಎರಡು ಗಿಡ್ಡ ಸ್ವರ. ಡೋಣಿಯ ಹತ್ತಿರ ಒಂದು ಕುರಿಯೂ ತಲೆ ಎತ್ತಲಿಲ್ಲ. ಅಪ್ಪ ಎದ್ದ. ಉಣ್ಣೆಯನ್ನು ಕೆಳಗಿಟ್ಟು, ಮೊಣಕಾಲ ಮೇಲೆ ಕೈಯೂರಿ ಎದ್ದು, ದಡ್ಡಿಗೆ ಹೋಗಿ, ಮುಳ್ಳಿನ ಬಾಗಿಲನ್ನು ಎಳೆದು ಪಕ್ಕಕ್ಕೆ ಹಿಡಿದು ನಿಂತ. ಕೂಗಿದ ಮೇಲೆ ಬಾಗಿಲು ತೆಗೆಯುವುದು ಅವನ ಇಡೀ ಜೀವಮಾನದ ಕೆಲಸ. ಕೂಗು ಕೇಳಿತು, ಕೈ ಹೋಯಿತು. ಮುಖ ಕುರಿಗಳ ಕಡೆ ಇತ್ತು. ಕುರಿಗಳು ನೀರು ಕುಡಿಯುತ್ತಿದ್ದವು. ಅವ್ವ ಹೊಸ್ತಿಲಿಗೆ ಬಂದು ಹಿಟ್ಟಿನ ಕೈಯಲ್ಲಿ ನಿಂತಳು. ಅಣ್ಣನ ಬೆರಳು ನಿಂತಿದ್ದವು. ಯಾವುದೂ ಬರುತ್ತಿಲ್ಲ ಎಂದು ಅಪ್ಪನಿಗೆ ತಿಳಿದಿರಬೇಕು, ಆದರೂ ಅವನು ಬಾಗಿಲು ಬಿಡಲಿಲ್ಲ, ಹಿಂದೆ ತಿರುಗಿ ನಮ್ಮನ್ನು ನೋಡಲೂ ಇಲ್ಲ.

ಆಗ ನಾನು ಕೂಗಿದೆ. ಅಣ್ಣ ಪಕ್ಕದಲ್ಲಿ ಕೂತಿರುವಾಗಲೇ, ನನ್ನ ಕೂಗನ್ನು, ಮೊದಲಿನಿಂದ ಕೊನೆಯವರೆಗೆ. ಕುರಿಗಳು ಒಮ್ಮೆಗೇ ನೀರಿನಿಂದ ಮುಖ ತೆಗೆದು, ನನ್ನ ಕಡೆ ನೋಡಿ, ನಾನು ಕೋಲು ಚಾಚಿದ ಕಡೆ, ಅಪ್ಪ ಹಿಡಿದಿದ್ದ ಬಾಗಿಲೊಳಗೆ ಒಂದರ ಹಿಂದೊಂದು ನುಗ್ಗಿದವು. ನಾನು ಅಣ್ಣನ ಕೈಗಳನ್ನು ನೋಡುತ್ತಿದ್ದೆ. ಅವನು ಬೆಂಜೋವನ್ನು ಕೆಳಗಿಟ್ಟು, ಎರಡು ಕೈಯನ್ನೂ ತೊಡೆಗಳ ಕೆಳಗೆ ಸಿಕ್ಕಿಸಿಕೊಂಡು ಕೂತಿದ್ದ.

ಕೊನೆಯ ಕುರಿ ಒಳಗಾದ ಮೇಲೆ ಅಪ್ಪ ಬಾಗಿಲು ಎಳೆದು ಹಾಕಿದ. ಬಟ್ಟೆಗೆ ಹತ್ತಿದ ಮುಳ್ಳು ಬಿಡಿಸಿಕೊಳ್ಳುತ್ತ, ಎಷ್ಟೋ ವರ್ಷಗಳ ಮೇಲೆ ದೊಡ್ಡ ಮಗನ ಕಡೆ ತಿರುಗಿ ಮಾತಾಡಿದ.

“ಬೀರಾ, ಮೊದಲ ಕರದಂವ ನೀ. ಉಪ್ಪು ಹಾಕು.”

ಅಣ್ಣ ಎದ್ದು ಒಳಗೆ ಹೋದ. ತಲೆಬಾಗಿಲ ಹಿಂದೆ ಅವನು ಗಡಿಗೆಯ ತಳ ಕೆರೆಯುವ ಸದ್ದು ಬಹಳ ಹೊತ್ತು ಕೇಳಿಸಿತು. ಅವ್ವ ಒಲೆಯ ಮೇಲಿನ ಪಲ್ಯವನ್ನು ಸಪ್ಪಗೆ ಹಾಗೆಯೇ ಕೆಳಗಿಳಿಸಿದಳು.